ತಿದ್ದಿದ ಪತ್ರಗಳು

“ಬುದ್ಧಿ, ಸುಳ್ಳು ಪತ್ರವನ್ನು ಗುರುತಿಸಲು ಬಾರದವರಿಗೆ ಅದನ್ನು ಕಲಿಸುವುದು ಹೇಗೆ?”

ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ನಿಜಗುಣ. ಮಠದ ಕಂಪ್ಯೂಟರ್ ನೋಡಿಕೊಳ್ಳುವವನು ಅವನೇ. ಹಿಂದಿನ ವಾರ ಮಠಕ್ಕೆ ಒಂದು ಮೇಲ್ ಬಂದಿತ್ತು. ಉಗ್ರಾಣ ನೋಡಿಕೊಳ್ಳುವ ಬಸಲಿಂಗಯ್ಯ ಅದನ್ನು ನಿಜವೆಂದು ನಂಬಿ, ಅದರಲ್ಲಿದ್ದ ಲಿಂಕನ್ನು ಒತ್ತಿದ್ದರು. ಮಠದ ಮೇಲ್ ಎರಡು ದಿನ ನಿಂತುಹೋಗಿತ್ತು. ನಿಜಗುಣನೇ ಅದನ್ನು ಸರಿಪಡಿಸಿದ್ದ.

“ಇವರ ಕೈಯಿಂದ ಫೋನನ್ನು ತೆಗೆದುಕೊಳ್ಳುವುದು ಒಳ್ಳೆಯದು, ಬುದ್ಧಿ. ಆ ಪತ್ರದಲ್ಲಿ ಏಳು ದೋಷಗಳಿದ್ದವು. ಯಾರಿಗಾದರೂ ಕಾಣುವಂಥವು.”

ಬಸಲಿಂಗಯ್ಯ ಪಡಸಾಲೆಯ ತುದಿಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಅವರು ತಲೆ ಎತ್ತಲಿಲ್ಲ.

ಗುರುಗಳು ನಿಜಗುಣನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಅವಳ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ಅವಳೇ. ಮನೆ ತುಂಬ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಎಲ್ಲವನ್ನೂ ಬರೆದಿಡುವುದು ಅವಳ ಪದ್ಧತಿ. ಗ್ಯಾಸ್ ಸಿಲಿಂಡರ್ ಬಂದ ದಿನ, ಮೊಮ್ಮಗಳ ಜ್ವರ ಬಿಟ್ಟ ದಿನ, ಆ ವರ್ಷ ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ, ಎಲ್ಲಕ್ಕೂ ಒಂದೊಂದು ಪುಸ್ತಕವಿತ್ತು. ಮನೆಯಲ್ಲಿ ವಾದವಾದಾಗ ಅವಳು ಒಳಗೆ ಹೋಗಿ ಪುಸ್ತಕ ತರುತ್ತಿದ್ದಳು. ವಾದ ಅಲ್ಲಿಗೆ ನಿಲ್ಲುತ್ತಿತ್ತು.

ಆಮೇಲೆ ಮೇಲ್‌ನ ಕಾಲ ಬಂತು. ಅದರ ಹಿಂದೆಯೇ ಸುಳ್ಳು ಪತ್ರಗಳೂ ಬಂದವು. ಅವಳು ಅವಕ್ಕೂ ಒಂದು ಪುಸ್ತಕ ಮಾಡಿದಳು. ಮೊದಲ ಪುಟದಲ್ಲಿ ಸುಳ್ಳನ್ನು ಗುರುತಿಸುವ ನಿಯಮ ಬರೆದಳು, ಆಮೇಲೆ ಒಂದೊಂದೇ ಪತ್ರ. ಕ್ರಮಸಂಖ್ಯೆ, ತಾರೀಕು, ಬರೆದವನು ಹೇಳಿಕೊಂಡ ಹೆಸರು, ಪತ್ರದ ಪೂರ್ತಿ ಒಕ್ಕಣೆ, ಕೊನೆಗೆ ಅದರ ದೋಷ. ದೋಷವನ್ನು ಕೆಂಪು ಶಾಯಿಯಲ್ಲಿ ಬರೆದಳು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಅವಳು ಪತ್ರವನ್ನು ತಿದ್ದಿ, ಅದನ್ನು ಬರೆದವನಿಗೇ ಹಿಂದಕ್ಕೆ ಕಳುಹಿಸಿದಳು. ಕಣ್ಣೆದುರಿಗೆ ತಪ್ಪು ಇರುವಾಗ ಸುಮ್ಮನಿರುವುದು ಅವಳಿಂದ ಆಗುತ್ತಿರಲಿಲ್ಲ.

ಮೊದಲನೆಯ ಪತ್ರ ಯಾವುದೋ ದೇಶದ ರಾಜನ ವಿಧವೆಯದು. ಅರಮನೆಯ ನಿಧಿಯಲ್ಲಿ ಪಾಲು ಕೊಡುವುದಾಗಿ ಹೇಳಿದ್ದಳು. ಗೃಹಿಣಿ ಉತ್ತರಿಸಿದಳು: “ಗಂಡನನ್ನು ಕಳೆದುಕೊಂಡವಳು ಗುರುತಿಲ್ಲದವರಿಗೆ ಮೊದಲ ಸಾಲಿನಲ್ಲೇ ನಿಧಿಯ ಮಾತು ತೆಗೆಯುವುದಿಲ್ಲ. ಮೊದಲು ತನ್ನ ಪರಿಚಯ ಹೇಳುತ್ತಾಳೆ.”

ಇನ್ನೊಬ್ಬ ಅವಳಿಗೆ ಲಾಟರಿ ಹೊಡೆದಿದೆ ಎಂದು ಬರೆದ. “ನಾನು ಟಿಕೆಟ್ ಕೊಂಡಿಲ್ಲ. ಅದು ಹೋಗಲಿ, ಬಹುಮಾನವನ್ನು ನಂಬುವಷ್ಟು ಸಣ್ಣದಾಗಿಯಾದರೂ ಇಡಿ,” ಎಂದಳು.

ಮತ್ತೊಬ್ಬ, ನಿಮ್ಮ ಹೆಸರಿಗೆ ಬಂದ ಪಾರ್ಸೆಲ್ ನಮ್ಮ ಕಚೇರಿಯಲ್ಲಿದೆ, ಎರಡು ಗಂಟೆಯೊಳಗೆ ಉತ್ತರ ಬಾರದಿದ್ದರೆ ನಾಶಪಡಿಸುತ್ತೇವೆ ಎಂದ. “ಯಾವ ಕಚೇರಿಯೂ ಎರಡು ಗಂಟೆಯಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಹದಿನೈದು ದಿನ ಕೊಡಿ,” ಎಂದು ಬರೆದಳು. ಇಂದು ರಾತ್ರಿ ನಿಮ್ಮ ಮನೆಯ ಕರೆಂಟ್ ತೆಗೆಯುತ್ತೇವೆ ಎಂದವನಿಗೆ, “ಕರೆಂಟ್ ತೆಗೆಯುವವರು ಹೇಳಿ ತೆಗೆಯುವುದಿಲ್ಲ,” ಎಂದಳು. ಅವಳ ಸೋದರಳಿಯನ ಹೆಸರಿನಲ್ಲಿ ಯಾರೋ ಸಹಾಯ ಬೇಡಿದ. “ವಯಸ್ಸಾದ ಅತ್ತೆಗೆ ಬರೆಯುವವನು ಮೊದಲು ಮಂಡಿನೋವು ಹೇಗಿದೆ ಎಂದು ಕೇಳಬೇಕು. ಅಷ್ಟೂ ತಿಳಿಯದೆ ಸೋದರಳಿಯ ಹೇಗಾದಿರಿ?” ಎಂದು ಅವನಿಗೆ ಬರೆದಳು. ಪಾಸ್‌ವರ್ಡ್ ಕಳುಹಿಸಿ ಎಂದವನಿಗೆ ಕೊಟ್ಟ ಪಾಠ ಎಲ್ಲಕ್ಕಿಂತ ಉದ್ದವಾಗಿತ್ತು. ಅದರ ಸಾರ ಇಷ್ಟೇ: “ನಿಜವಾದ ಸಂಸ್ಥೆಯವರು ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎನ್ನುತ್ತಾರೆ.”

ಸಂಜೆ ಕಾಫಿಯ ಹೊತ್ತಿಗೆ ಅವಳು ಆ ದಿನದ ಪತ್ರವನ್ನೂ ತನ್ನ ಉತ್ತರವನ್ನೂ ಮನೆಯವರಿಗೆ ಓದಿ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಹಿರಿಯ ಸೊಸೆ ಮಾತ್ರ ಒಂದು ದಿನ ಹೇಳಿದಳು.

“ಅತ್ತೆ, ಉತ್ತರ ಬರೀಬೇಡಿ. ಕಳ್ಳನಿಗೆ ನಾವ್ಯಾಕೆ ಪಾಠ ಹೇಳಬೇಕು?”

“ಕಲಿಯಲಿ ಬಿಡೆ. ಓದಿದವರ ಮನೆಗೆ ಬರೆಯುವಾಗ ಹೇಗೆ ಬರೀಬೇಕು ಅಂತ ಗೊತ್ತಾಗಲಿ.”

“ಗೊತ್ತಾದರೆ ಕಷ್ಟ ಅಲ್ವಾ ಅತ್ತೆ?”

“ನನಗೇನು ಕಷ್ಟ? ನನ್ನ ಹತ್ತಿರ ಪುಸ್ತಕ ಇದೆ.”

ಸೊಸೆ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು.

ಉತ್ತರ ಕೊಡುವವರ ವಿಳಾಸ ಆ ಕಸುಬಿನವರಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಗೃಹಿಣಿಗೆ ಅದು ತಿಳಿದಿರಲಿಲ್ಲ. ವಾರಕ್ಕೆ ಎರಡು ಬರುತ್ತಿದ್ದ ಪತ್ರಗಳು ದಿನಕ್ಕೆ ಎರಡಾದವು. ಒಮ್ಮೆ ಒಬ್ಬ, “ಧನ್ಯವಾದ ಅಮ್ಮ, ಮುಂದೆ ತಿದ್ದಿಕೊಳ್ಳುತ್ತೇನೆ,” ಎಂದು ಬರೆದ. ಅವಳು ಅದನ್ನು ಇಡೀ ಬೀದಿಗೆ ತೋರಿಸಿದಳು. ಪುಸ್ತಕದಲ್ಲಿ ಆ ಪತ್ರದ ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದಳು.

ಪತ್ರಗಳು ಸುಧಾರಿಸುತ್ತ ಬಂದವು. ಇನ್ನೂರನೆಯದರ ಹೊತ್ತಿಗೆ ಅವು ಅವಳನ್ನು ‘ಮಾನ್ಯರೇ’ ಎಂದು ಕರೆದವು. ಮುನ್ನೂರನೆಯದರ ಹೊತ್ತಿಗೆ ಅವಸರವನ್ನು ಬಿಟ್ಟವು. ಮೊದಲು ದೋಷ ಹುಡುಕಲು ಒಂದು ಗುಟುಕು ಕಾಫಿಯಷ್ಟು ಹೊತ್ತು ಸಾಕಾಗುತ್ತಿತ್ತು. ಈಗ ಇಡೀ ಲೋಟ ತಣ್ಣಗಾಗುತ್ತಿತ್ತು. ಅವಳಿಗೆ ಅದರಿಂದ ಬೇಸರವಾಗಲಿಲ್ಲ. ಒಂದು ದಿನ ಸೊಸೆಗೆ, “ನೋಡು, ಈಗ ಎಷ್ಟು ಲಕ್ಷಣವಾಗಿ ಬರೀತಾರೆ,” ಎಂದಳು.

ಬೀದಿಯ ಹೆಂಗಸರು ಅನುಮಾನ ಬಂದ ಪತ್ರಗಳನ್ನು ಅವಳಿಗೆ ತೋರಿಸಲು ತರುತ್ತಿದ್ದರು. ಅವಳು ಸುಳ್ಳು ಎಂದರೆ ಅಳಿಸುತ್ತಿದ್ದರು. ನಿಜ ಎಂದರೆ ಉತ್ತರ ಕೊಡುತ್ತಿದ್ದರು. ಒಮ್ಮೆಯೂ ಅವಳ ಮಾತು ತಪ್ಪಿರಲಿಲ್ಲ.

ಅವಳ ಪಕ್ಕದ ಮನೆಯಲ್ಲಿ ಒಬ್ಬ ವಿಧವೆಯಿದ್ದಳು. ಅವಳು ದೋಸೆ ಹಿಟ್ಟು ರುಬ್ಬಿ ಮಾರಿ ಜೀವನ ಮಾಡುತ್ತಿದ್ದಳು. ನಾಲ್ಕನೆಯ ತರಗತಿಯವರೆಗೆ ಓದಿದ್ದಳು. ಅವಳ ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದ. ಮೂವತ್ತು ವರ್ಷ ಊರುಗಳ ಹೆಸರು ಕೂಗಿದವನಿಗೆ ಗಂಟಲಿನ ರೋಗ ಬಂತು. ವೈದ್ಯರು ಪ್ರಾಣ ಉಳಿಸಿದರು. ದನಿ ಉಳಿಯಲಿಲ್ಲ. ಆಸ್ಪತ್ರೆಯ ನರ್ಸ್ ಒಬ್ಬಳು ಅವನಿಗೆ ಫೋನಿನಲ್ಲಿ ಮೇಲ್ ಬರೆಯುವುದನ್ನು ಕಲಿಸಿ ಕಳುಹಿಸಿದಳು. ಬೇರೆ ಯಾವುದನ್ನೂ ಕಲಿಯಲು ಅವನು ಒಪ್ಪಲಿಲ್ಲ.

ಆಮೇಲೆ ಅವನು ಎರಡು ವರ್ಷ ನಾಲ್ಕು ತಿಂಗಳು ಬದುಕಿದ. ಅಷ್ಟು ಕಾಲವೂ ನಡುಮನೆಯಲ್ಲಿ ಕುಳಿತು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಪತ್ರ ಬರೆದ. “ಸಾರಿಗೆ ಉಪ್ಪು ಹಾಕಲು ನಿನಗೇನು ಕಷ್ಟ.” “ಹಾಲು ಉಕ್ಕಿದ ವಾಸನೆ. ನಿನಗೆ ಮೂಗಿಲ್ಲವಾ.” “ಬಾಗಿಲಲ್ಲಿ ಯಾರೋ ಇದ್ದಾರೆ. ನಾನು ಕೂಗಿದ್ದೆ, ನಿನಗೆ ಕೇಳಿಸಲಿಲ್ಲ.” ಒಮ್ಮೆ ಒಂದೇ ಪದ: “ಇದೀಯಾ.”

ಅವನು ಸತ್ತ ಮೇಲೆ ಹೆಂಡತಿ ಪ್ರತಿದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವುಗಳಲ್ಲಿ ಒಂದನ್ನು ಓದುತ್ತಿದ್ದಳು. ಸಾವಿರಕ್ಕೂ ಹೆಚ್ಚು ಇದ್ದವು. ಅವನ ಫೋನು ಅವನ ಹಿಂದೆಯೇ ಕೆಟ್ಟಿತು, ಅವನ ಮೇಲ್‌ನ ಪಾಸ್‌ವರ್ಡ್ ಅವನೊಂದಿಗೇ ಹೋಯಿತು. ಅವನು ಬರೆದದ್ದು ಉಳಿದಿದ್ದರೆ ಅವಳ ಮೇಲ್‌ನಲ್ಲಿ ಮಾತ್ರ.

ಒಂದು ದಿನ ಆ ವಿಧವೆ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಬಂದಳು.

“ಅಕ್ಕ, ಇದೊಂದು ನೋಡಿ. ಹಳೇದೆಲ್ಲ ಅಳಿಸಿಹೋಗುತ್ತೆ ಅಂತ ಬಂದಿದೆ.”

ಗೃಹಿಣಿ ಕನ್ನಡಕ ಹಾಕಿಕೊಂಡು ಓದಿದಳು. “ಮಾನ್ಯರೇ, ನಮಸ್ಕಾರ. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇವೆ. ನಾವು ತಮ್ಮ ಮೇಲ್ ಖಾತೆಯನ್ನು ನೋಡಿಕೊಳ್ಳುವ ಸಂಸ್ಥೆಯವರು. ಖಾತೆಯಲ್ಲಿ ಹಳೆಯ ಪತ್ರಗಳು ತುಂಬಿ ಜಾಗವಿಲ್ಲದಂತಾಗಿದೆ. ಅವಸರವೇನೂ ಇಲ್ಲ, ಹದಿನೈದು ದಿನಗಳ ಸಮಯವಿದೆ. ಆನಂತರ ಹಳೆಯ ಪತ್ರಗಳು ತಾವಾಗಿಯೇ ಅಳಿಸಿಹೋಗುತ್ತವೆ. ಉಳಿಸಿಕೊಳ್ಳುವ ಇಚ್ಛೆಯಿದ್ದಲ್ಲಿ ಕೆಳಗೆ ಒತ್ತಿ. ತಮ್ಮ ಪಾಸ್‌ವರ್ಡನ್ನು ದಯವಿಟ್ಟು ಯಾರಿಗೂ ಹೇಳಬೇಡಿ.”

ಅವಳು ಎರಡು ಸಲ ಓದಿದಳು. ದೋಷ ಸಿಗಲಿಲ್ಲ. ಓದುತ್ತಿದ್ದಂತೆ ಅವಳ ಮನಸ್ಸಿಗೆ ಹಿತವಾಯಿತು. ಒಳ್ಳೆಯ ಮನೆತನದವರು ಬರೆದಂತಿತ್ತು.

“ಇದು ನಿಜವಾದದ್ದು,” ಎಂದಳು.

“ನನಗ್ಯಾಕೋ ಭಯ ಅಕ್ಕ. ಹದಿನೈದು ದಿನ ಇದೆಯಲ್ಲ. ನಾಳೆ ಬಸ್ ಡಿಪೋ ಹತ್ತಿರ ಇರೋ ಅಂಗಡಿಯವನಿಗೂ ಒಂದು ಸಲ ತೋರಿಸಲಾ?”

“ಅಂಗಡಿಯವನು ಏನು ಓದಿದ್ದಾನೆ? ಇಷ್ಟು ಮರ್ಯಾದೆಯಾಗಿ ಬರೆದವರನ್ನು ಅನುಮಾನಿಸಬಾರದು. ನಿನ್ನ ಕೈಯೆಲ್ಲ ಹಿಟ್ಟು. ಕೊಡಿಲ್ಲಿ, ನಾನೇ ಮಾಡ್ತೀನಿ.”

ಅವಳು ಲಿಂಕನ್ನು ಒತ್ತಿದಳು. ಒಂದು ಪುಟ ತೆರೆಯಿತು. ಅದು ಪಾಸ್‌ವರ್ಡ್ ಕೇಳಿತು. ವಿಧವೆ ಅದನ್ನು ಅವಳ ಕಿವಿಯಲ್ಲಿ ಹೇಳಿದಳು. ಅದು ಗಂಡ ಕೊನೆಗೆ ಕೆಲಸ ಮಾಡಿದ ಬಸ್ಸಿನ ನಂಬರು. ಗೃಹಿಣಿ ತನ್ನ ಬೆರಳಿನಿಂದಲೇ ಅದನ್ನು ಬರೆದಳು. ತಮ್ಮ ಪತ್ರಗಳು ಸುರಕ್ಷಿತವಾಗಿವೆ ಎಂಬ ಉತ್ತರ ಬಂತು. ವಿಧವೆ ಕಣ್ಣೊರೆಸಿಕೊಂಡು, “ನೀವಿದ್ದೀರಿ, ನನಗೇನು,” ಎಂದು ಹೊರಟುಹೋದಳು.

ಅಂದೇ ಸಂಜೆ ಗೃಹಿಣಿಯ ಮೇಲ್‌ಗೆ ಒಂದು ಪತ್ರ ಬಂತು. “ಪ್ರಿಯ ಬಳಕೆದಾರರೇ. ಪಾಸ್‌ವರ್ಡ್ ಬದಲಾಯಿಸಲಾಗಿದೆ. ನೀವಲ್ಲವಾದರೆ ತಕ್ಷಣ ಇಲ್ಲಿ ಒತ್ತಿ. ನಲವತ್ತೆಂಟು ಗಂಟೆಗಳ ನಂತರ ಈ ಲಿಂಕ್ ಕೆಲಸ ಮಾಡುವುದಿಲ್ಲ.” ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ. ಯಾರ ಖಾತೆ ಎಂಬ ಕಡೆ ಎರಡಕ್ಷರ ಬಿಟ್ಟು ಉಳಿದದ್ದೆಲ್ಲ ಚುಕ್ಕಿ.

ಅವಳು ಅದನ್ನು ಕಾಫಿಯ ಹೊತ್ತಿನಲ್ಲಿ ಓದಿದಳು. “ಇವನ್ಯಾರೋ ಹೊಸಬ. ಹಳಬರ ಹತ್ತಿರ ಹೋಗಿ ಕಲಿತು ಬರಬೇಕಿತ್ತು,” ಎಂದಳು. ಮನೆಯವರು ನಕ್ಕರು. ಐನೂರ ಎಂಬತ್ತಮೂರನೆಯ ಪತ್ರವೆಂದು ಪುಸ್ತಕದಲ್ಲಿ ಬರೆದುಕೊಂಡಳು. ಐದು ದೋಷಗಳನ್ನು ಗುರುತು ಮಾಡಿದಳು. ತಿದ್ದಿ ಕಳುಹಿಸಿದಳು. ಉತ್ತರ ಬರಲಿಲ್ಲ.

ಆ ಪತ್ರ ನಿಜವಾದದ್ದು. ಕಂಡಕ್ಟರ್ ಹೆಂಡತಿಗೆ ಖಾತೆ ತೆರೆದುಕೊಡುವಾಗ ಎರಡನೆಯ ವಿಳಾಸವೊಂದು ಬೇಕಾಗಿತ್ತು. ಪಾಸ್‌ವರ್ಡ್ ಯಾರಾದರೂ ಬದಲಾಯಿಸಿದರೆ ಮೇಲ್ ಕಂಪನಿ ಆ ವಿಳಾಸಕ್ಕೆ ತಿಳಿಸುತ್ತದೆ. ಓದಿದವರದು ಇರಲಿ ಎಂದು ಅವರು ಗೃಹಿಣಿಯ ವಿಳಾಸವನ್ನು ಕೊಟ್ಟಿದ್ದರು. ಅವಳು ಒಪ್ಪಿ ಅದನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಆ ಪುಸ್ತಕವನ್ನು ಅಂದು ಯಾರೂ ತೆರೆಯಲಿಲ್ಲ.

ಎರಡು ದಿನ ಕಳೆಯಿತು. ಆ ಎರಡು ಬೆಳಿಗ್ಗೆಯೂ ವಿಧವೆಯ ಫೋನಿನಲ್ಲಿ ಮೇಲ್ ತೆರೆಯಲಿಲ್ಲ. ನೆಟ್‌ವರ್ಕ್ ಇರಲಾರದು ಎಂದು ಅವಳು ಸುಮ್ಮನಿದ್ದಳು. ಅಕ್ಕ ನೋಡಿ ಕೊಟ್ಟದ್ದರಲ್ಲಿ ತಪ್ಪಿರಬಹುದು ಎಂಬ ಯೋಚನೆ ಅವಳಿಗೆ ಬರಲಿಲ್ಲ.

ಮೂರನೆಯ ದಿನ ಗೃಹಿಣಿಗೆ ಆ ವಿಧವೆಯ ವಿಳಾಸದಿಂದಲೇ ಒಂದು ಪತ್ರ ಬಂತು. “ನಮಸ್ಕಾರ. ತಮ್ಮ ಮಂಡಿನೋವು ಈಗ ಹೇಗಿದೆ? ನಾನು ಆಸ್ಪತ್ರೆಯಲ್ಲಿದ್ದೇನೆ. ಅವಸರವೇನೂ ಇಲ್ಲ, ಆದರೆ ತಮ್ಮಿಂದ ಒಂದು ಸಹಾಯವಾಗಬೇಕಿತ್ತು.”

ಗೋಡೆಯ ಆಚೆ ರುಬ್ಬುವ ಯಂತ್ರದ ಸದ್ದು ಕೇಳುತ್ತಿತ್ತು. ಆ ವಿಧವೆ ಏನಾದರೂ ಬೇಕಾದರೆ ಗೋಡೆಯ ಮೇಲಿಂದ ಕೂಗುವವಳು. ಒಂದು ದಿನವೂ ಪತ್ರ ಬರೆದವಳಲ್ಲ.

ಗೃಹಿಣಿ ಬಹಳ ಹೊತ್ತು ಆ ಪತ್ರವನ್ನು ನೋಡಿದಳು. ಅದರಲ್ಲಿ ದೋಷವಿರಲಿಲ್ಲ. ಪ್ರತಿ ಸಾಲೂ ಅವಳೇ ಕಳ್ಳರಿಗೆ ಕಲಿಸಿದ್ದು.

ಸೊಸೆಯನ್ನು ಕರೆದಳು. ಸೊಸೆ ಪಕ್ಕದ ಮನೆಗೆ ಹೋಗಿ ಆ ಫೋನನ್ನು ತಂದಳು. ಹಿಂದೆಯೇ ವಿಧವೆಯೂ ಬಂದಳು. ಹೋದ ಸಲದ ಪುಟ ಫೋನಿನಲ್ಲಿ ಇನ್ನೂ ತೆರೆದೇ ಇತ್ತು. ಸೊಸೆ ಅದನ್ನು ನೋಡಿದಳು. “ಅತ್ತೆ, ಈ ವಿಳಾಸ ನೋಡಿ. ಇದು ಕಂಪನಿಯದಲ್ಲ,” ಎಂದಳು. ಆಮೇಲೆ ಅತ್ತೆಯ ಪುಸ್ತಕವನ್ನು ತೆರೆದು ಕೊನೆಯ ಪುಟವನ್ನು ಓದಿದಳು. ಐನೂರ ಎಂಬತ್ತಮೂರನೆಯ ಪತ್ರದ ಮೇಲೆ ಬೆರಳಿಟ್ಟಳು. ಆ ಪತ್ರದ ಲಿಂಕನ್ನು ಒತ್ತಿ ನೋಡಿದರು. ಸಮಯ ಮೀರಿತ್ತು.

ಕಂಪನಿಗೆ ಬರೆದರು. ವಾರ ಕಳೆದ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ಆ ಖಾತೆಯಿಂದ ಸಾವಿರಾರು ಸುಳ್ಳು ಪತ್ರಗಳು ಹೋಗಿದ್ದವು. ಅದಕ್ಕಾಗಿ ಕಂಪನಿ ಖಾತೆಯನ್ನು ಅಳಿಸಿತ್ತು. ಅದರಲ್ಲಿ ಇದ್ದದ್ದೆಲ್ಲ ಅದರೊಂದಿಗೆ ಹೋಗಿತ್ತು.

ವಿಧವೆ ಬೈಯಲಿಲ್ಲ. ಜಗುಲಿಯ ಮೇಲೆ ಕುಳಿತು ಕೇಳಿದಳು.

“ಅಕ್ಕ, ನೀವು ಎಲ್ಲ ಬರೆದಿಡ್ತೀರಲ್ಲ. ನಿಮ್ಮ ಪುಸ್ತಕದಲ್ಲಿ ಅವರದು ಒಂದಾದರೂ ಇರಬಹುದಾ?”

ಇಲ್ಲವೆಂದು ಗೃಹಿಣಿಗೆ ತಿಳಿದಿತ್ತು. ಆದರೂ ಪುಸ್ತಕ ತಂದು ಮೊದಲಿನಿಂದ ಒಂದೊಂದೇ ಪುಟ ತಿರುವಿದಳು. ರಾಜನ ವಿಧವೆಯಿಂದ ಹಿಡಿದು ಎಲ್ಲ ಕಳ್ಳರೂ ಅಲ್ಲಿದ್ದರು. ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ. ಪಕ್ಕದ ಮನೆಯಲ್ಲಿ ಮನುಷ್ಯನೊಬ್ಬ ಎರಡು ವರ್ಷ ನಾಲ್ಕು ತಿಂಗಳು ಬರೆದದ್ದರಲ್ಲಿ ಒಂದು ಸಾಲೂ ಇರಲಿಲ್ಲ.

“ನಿನಗೆ ನೆನಪಿರೋದನ್ನು ಹೇಳು,” ಎಂದಳು ಗೃಹಿಣಿ. “ನಾನು ಬರೆದುಕೊಡ್ತೀನಿ.”

ಹೊಸ ಪುಸ್ತಕ ತರಿಸಿದಳು. ವಿಧವೆ ಮಧ್ಯಾಹ್ನ ಕೆಲಸ ಮುಗಿಸಿ ಬಂದು ಕುಳಿತು ನೆನಪಾದಷ್ಟು ಹೇಳಿದಳು. ಗೃಹಿಣಿ ಬರೆದಳು. ಒಂಬತ್ತು ದಿನ ಹೀಗೆ ನಡೆಯಿತು. ನಲವತ್ತೊಂದು ಪತ್ರಗಳಾದವು. ಹತ್ತನೆಯ ದಿನ ವಿಧವೆ, “ಒಂದು ಸಲ ಓದಿ ಅಕ್ಕ, ಕೇಳ್ತೀನಿ,” ಎಂದಳು.

ಗೃಹಿಣಿ ಓದಿದಳು. “ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿದೆ. ಹಾಲು ಉಕ್ಕುತ್ತಿರುವಂತಿದೆ, ದಯವಿಟ್ಟು ಗಮನಿಸು. ಬಾಗಿಲ ಬಳಿ ಯಾರೋ ಬಂದಿದ್ದಾರೆ.”

ವಿಧವೆ ಕೈ ಎತ್ತಿ ನಿಲ್ಲಿಸಿದಳು.

“ಸಾಕು ಅಕ್ಕ. ಇದು ಅವರದಲ್ಲ.”

“ನೀನೇ ಹೇಳಿದ್ದು ಕಣೆ.”

“ಹೇಳಿದ್ದು ನಾನೇ. ಆದರೆ ಅವರು ನನಗೆ ಒಂದು ದಿನಾನೂ ದಯವಿಟ್ಟು ಅಂದವರಲ್ಲ.”

ಗೃಹಿಣಿ ಪುಟವನ್ನು ನೋಡಿದಳು. ತಾನು ಯಾವಾಗ ತಿದ್ದಿದೆನೆಂದು ಅವಳಿಗೇ ತಿಳಿಯಲಿಲ್ಲ. ಮೊದಲಿನಂತೆ ಬರೆದುಕೊಡಲು ನೋಡಿದಳು. ವಿಧವೆಯನ್ನು ಮತ್ತೆ ಕೇಳಿದಳು. ಆದರೆ ತಿದ್ದಿದ್ದನ್ನು ಕೇಳಿದ ಮೇಲೆ ವಿಧವೆಗೂ ಮೊದಲಿನದು ಸರಿಯಾಗಿ ನೆನಪಿಗೆ ಬರಲಿಲ್ಲ. “ಉಪ್ಪಿನದು ಏನೋ ಇತ್ತು,” ಎಂದಳು. ಮರುದಿನದಿಂದ ಅವಳು ಬರಲಿಲ್ಲ. ಬೀದಿಯಲ್ಲಿ ಕಂಡಾಗ ಮಾತನಾಡಿಸುತ್ತಿದ್ದಳು. ಹಬ್ಬಕ್ಕೆ ಹಿಟ್ಟು ಕಳುಹಿಸುತ್ತಿದ್ದಳು. ಫೋನನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ತೋರಿಸಲು ಅದರಲ್ಲಿ ಏನೂ ಇರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ನಿಜಗುಣ ಕತೆ ಮುಗಿದಿದೆ ಎಂದು ತಿಳಿದು ಹೇಳಿದ.

“ಅಯ್ಯೋ ಪಾಪ. ಆದರೆ ಬುದ್ಧಿ, ತಪ್ಪು ಅವಳದೇ. ಪತ್ರ ಎಷ್ಟು ಚೆನ್ನಾಗಿದ್ದರೇನು, ಕಳುಹಿಸಿದವರ ವಿಳಾಸವನ್ನು ಮೊದಲು ನೋಡಬೇಕು. ನಾನಾಗಿದ್ದರೆ ಅದನ್ನೇ ನೋಡುತ್ತಿದ್ದೆ.”

“ಅವಳ ಪುಸ್ತಕದ ಮೊದಲ ಪುಟದಲ್ಲಿ ಬರೆದಿರುವುದು ಅದೇ ಮಾತು, ನಿಜಗುಣ,” ಎಂದರು ಗುರುಗಳು.